ಏಳನೆಯ ಸಂಖ್ಯೆ

ಶನಿವಾರ ಬೆಳಗ್ಗೆ ಏಳಕ್ಕೆ ಶರೋನ್ ಲ್ಯಾಪ್‌ಟಾಪ್ ತೆರೆದಾಗ, ಅವಳು ಇನ್ನೂ ಓದದೆ ಬಿಟ್ಟಿದ್ದ ಪತ್ರವನ್ನು ಯಾರೋ ಓದಿ ಮುಗಿಸಿದ್ದರು.

ಶಿವರಾಮುವಿನ ಆ ಇಮೇಲ್ ಪತ್ರ ಬಂದದ್ದು ಹಿಂದಿನ ಸಂಜೆ ನಾಲ್ಕಕ್ಕೆ. ಆಗ ಅವಳು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿದ್ದಳು. ಆಮೇಲೆ ಜಪಸರದ ಪ್ರಾರ್ಥನೆಗೆ ಹೊರಡುವ ಗಡಿಬಿಡಿ. ಬೆಳಗ್ಗೆ ನಿಧಾನವಾಗಿ ಓದೋಣವೆಂದು ಬಿಟ್ಟಿದ್ದಳು. ಓದದ ಪತ್ರದ ಸಾಲು ದಪ್ಪಕ್ಷರದಲ್ಲಿರಬೇಕು. ಇದು ತೆಳ್ಳಗಿತ್ತು.

ಖಾತೆಯ ಭದ್ರತಾ ಪುಟಕ್ಕೆ ಹೋದಳು. ಖಾತೆ ತೆರೆದಿರುವ ಯಂತ್ರಗಳ ಪಟ್ಟಿ — ಅವಳ ಲ್ಯಾಪ್‌ಟಾಪ್, ಅವಳ ಫೋನು. ಅದರ ಕೆಳಗೆ ಅವಳದಲ್ಲದ ಇನ್ನೊಂದು ಕಂಪ್ಯೂಟರ್. ಶುಕ್ರವಾರ ಸಂಜೆ ಆರು ಹನ್ನೆರಡು. ‘ಹೊಸ ಯಂತ್ರದಿಂದ ಪ್ರವೇಶ’ ಎಂಬ ಎಚ್ಚರಿಕೆ ಪತ್ರವೂ ಬಂದಿತ್ತು. ಒಳಗೆ ಬಂದವರೇ ಅದನ್ನು ಅಳಿಸಿ ಕಸದ ಬುಟ್ಟಿಗೆ ಹಾಕಿದ್ದರು.

“ಅಮ್ಮಾ!”

ಆರೋಗ್ಯಮ್ಮ ಸೌಟು ಹಿಡಿದುಕೊಂಡೇ ಬಂದರು. “ಏನೇ ಅದು, ಮೈಮೇಲೆ ಹಲ್ಲಿ ಬಿದ್ದೋರ ಹಾಗೆ?”

“ಶಿವರಾಮು ಹೆಸರು ಹೊರಗೆ ಹೋಯ್ತಮ್ಮ.”

ಸೌಟು ಹಿಡಿದ ಕೈ ಅಲ್ಲೇ ನಿಂತಿತು.

ಶಿವರಾಮು ಹೆಬ್ಬಾಳದ ಒಂದು ಬಣ್ಣದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದವನು. ಸುತ್ತಲಿನ ಬಡಾವಣೆಗಳ ಕೊಳವೆಬಾವಿ ನೀರಿನಲ್ಲಿ ಇರಬಾರದ್ದು ಇದೆಯೆಂದು ಶರೋನ್ ಪರೀಕ್ಷೆ ಮಾಡಿ ತೋರಿಸಿದ್ದಳು. ಅದು ಎಲ್ಲಿಂದ ಬರುತ್ತಿದೆ ಎಂದು ತೋರಿಸಿದವನು ಶಿವರಾಮು. ಕಾರ್ಖಾನೆಯ ತ್ಯಾಜ್ಯದ ತೊಟ್ಟಿ ಯಾವ ದಿನ ಖಾಲಿಯಾಯಿತು, ಹಳೆಯ ಯಾವ ಬಾವಿಗೆ ಇಳಿಯಿತು — ಶಿಫ್ಟ್ ಪುಸ್ತಕದ ಪುಟಗಳ ಚಿತ್ರಗಳನ್ನು ಅವನು ಎಂಟು ತಿಂಗಳಿಂದ ಅವಳಿಗೆ ಕಳಿಸುತ್ತಿದ್ದ. ಸೋಮವಾರ ಮಾಲಿನ್ಯ ನಿಯಂತ್ರಣ ಅಧಿಕಾರಿಗಳ ಮುಂದೆ ವಿಚಾರಣೆ. ಅಲ್ಲಿ ಅವನೇ ಎದ್ದು ಹೇಳಿಕೆ ಕೊಡಬೇಕಿತ್ತು. ಅಲ್ಲಿಯವರೆಗೆ ಅವನ ಹೆಸರು ಶರೋನ್ ಮತ್ತು ವಕೀಲೆ ಸುಚಿತ್ರಾ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯಬಾರದಿತ್ತು. ಅಮ್ಮನಿಗೆ ತಿಳಿದಿತ್ತು, ಅಮ್ಮನನ್ನು ಅವಳು ಬೇರೆಯವರೆಂದು ಎಣಿಸಿರಲಿಲ್ಲ.

“ಅವನಿಗೆ ಫೋನ್ ಮಾಡೇ!”

“ಮೊದಲನೇ ಶಿಫ್ಟು. ಫೋನ್ ಗೇಟಲ್ಲಿ ಇಟ್ಟು ಒಳಗೆ ಹೋಗಬೇಕು. ಎರಡು ಗಂಟೆಗೆ ಹೊರಗೆ ಬರೋದು.”

ಏಳು ಗಂಟೆಯ ಕಾಲ ಅವನು ಅದೇ ಗೇಟಿನ ಒಳಗೆ. ಹೊರಗೆ ಅವನ ಹೆಸರು ಯಾರ ಕೈಯಲ್ಲಿದೆಯೋ ಗೊತ್ತಿಲ್ಲ.

ಶರೋನ್ ಸೈಬರ್ ಪೊಲೀಸರಿಗೆ ಆನ್‌ಲೈನ್ ದೂರು ಹಾಕಿದಳು. ಸುಚಿತ್ರಾಗೆ ಹೇಳಿದಳು. ಆಮೇಲೆ ಅಗ್ರಹಾರದ ಸರ್ವಮಂಗಳಾ ಅವರಿಗೆ ಫೋನ್ ಮಾಡಿದಳು.

ಸರ್ವಮಂಗಳಾ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕಾಗದಪತ್ರ ಪರೀಕ್ಷೆ ಮಾಡಿದವರು. ಖೋಟಾ ಉಯಿಲು, ತಿದ್ದಿದ ಅಂಕಪಟ್ಟಿ, ಹೆಸರಿಲ್ಲದ ಬೆದರಿಕೆ ಪತ್ರ — ಇವು ಅವರ ದಿನದ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಶರೋನ್‌ಳ ಕಾಲೇಜಿಗೆ ವರ್ಷಕ್ಕೊಮ್ಮೆ ಬಂದು ಶಾಯಿಯ ರಸಾಯನಶಾಸ್ತ್ರ ಹೇಳುತ್ತಿದ್ದರು.

ಎಂಟೂಕಾಲಿಗೆ ದಟ್ಟಗಳ್ಳಿಯ ಶರೋನ್ ಮನೆಯ ಮುಂದೆ ಆಟೋ ನಿಂತಿತು. ಚಪ್ಪಲಿ ಬಿಡುತ್ತಲೇ ಅವರು ಹೇಳಿದರು: “ನೋಡು ಕಣಮ್ಮ, ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಮೊಮ್ಮಗ ಹೇಳಿಕೊಟ್ಟಿದ್ದು ವಿಡಿಯೋ ಕಾಲ್ ಒಂದೇ.”

“ನೀವು ಪ್ರಶ್ನೆ ಕೇಳಿ ಆಂಟಿ, ಸಾಕು.”

“ಪಾಸ್‌ವರ್ಡ್ ಬದಲಾಯಿಸಿದೆಯಾ?”

“ಈಗ ಬದಲಾಯಿಸ್ತೀನಿ. ಆ ಕಂಪ್ಯೂಟರನ್ನ ಹೊರಗೆ ಹಾಕ್ತೀನಿ.”

“ಹಾಕು. ಅದಕ್ಕೆ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೋ. ಕಳ್ಳ ನುಗ್ಗಿದ ಮನೇನ ಪೊಲೀಸರು ಬರೋಕೆ ಮುಂಚೆ ಗುಡಿಸ್ತಾರಾ?”

ಹಾಗೇ ಆಯಿತು. ಆಮೇಲೆ ಅವರು ಕಾಫಿ ಲೋಟ ಹಿಡಿದು ಕೂತರು. “ಮೊದಲಿಂದ ಹೇಳು. ಯಾವಾಗ ಶುರುವಾಯ್ತು?”

“ಸೋಮವಾರ. ಇಮೇಲ್ ಕಂಪನಿಯವರಿಂದಲೇ ಎಚ್ಚರಿಕೆ ಬಂತು. ‘ನಿಮ್ಮನ್ನೇ ಗುರಿ ಮಾಡಿ ಪಾಸ್‌ವರ್ಡ್ ಕದಿಯುವ ಪ್ರಯತ್ನ ನಡೆಯುತ್ತಿರಬಹುದು’ ಅಂತ.”

“ಅದು ನಿಜವಾದದ್ದೇ?”

“ನಿಜವಾದದ್ದೇ. ಪತ್ರದಲ್ಲಿದ್ದ ಕೊಂಡಿ ಒತ್ತಲಿಲ್ಲ. ನಾನೇ ಖಾತೆಗೆ ಹೋಗಿ ನೋಡಿದೆ. ಅಲ್ಲೂ ಇತ್ತು.”

“ಜಾಣೆ. ಆಮೇಲೆ?”

“ಮಂಗಳವಾರ ನಮ್ಮ ಮನೇಲಿ ಜಪಸರ ಇತ್ತು. ಅಕ್ಟೋಬರ್ ಪೂರ್ತಿ ಮಾತೆ ಮರಿಯಮ್ಮನವರ ಸ್ವರೂಪ, ಅಂದ್ರೆ ವಿಗ್ರಹ, ಮನೆಯಿಂದ ಮನೆಗೆ ಹೋಗುತ್ತೆ. ನಮ್ಮ ಗುಂಪಲ್ಲಿ ಐದು ಮನೆ. ಪ್ರಾರ್ಥನೆ ಆದ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟೆ, ಹಿಂಗಿಂಗೆ ಎಚ್ಚರಿಕೆ ಬಂದಿದೆ ಅಂತ. ಸ್ಟ್ಯಾನ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ‘ಅಕ್ಕ, ಎರಡನೇ ಬೀಗ ಹಾಕ್ಬುಡಿ’ ಅಂದ.”

“ಎರಡನೇ ಬೀಗ ಅಂದರೆ?”

“ಪಾಸ್‌ವರ್ಡ್ ಗೊತ್ತಿದ್ದರೂ ಸಾಲದು. ಫೋನಿಗೆ ಬರೋ ಸಂಖ್ಯೆಯನ್ನೂ ಹಾಕಬೇಕು. ಫೋನ್ ಕಳೆದುಹೋದರೆ ಅಂತ ಎಂಟಂಕಿಯ ಹತ್ತು ಸಂಖ್ಯೆ ಕೊಡ್ತಾರೆ, ಅದನ್ನ ಪ್ರಿಂಟ್ ಮಾಡಿ ಇಟ್ಟುಕೋಬೇಕು. ಒಂದು ಸಂಖ್ಯೆ ಒಂದೇ ಸಲ ನಡೆಯುತ್ತೆ. ಬುಧವಾರ ಬೆಳಗ್ಗೆ ಪಾಸ್‌ವರ್ಡ್ ಬದಲಾಯಿಸಿದೆ, ಎರಡನೇ ಬೀಗಾನೂ ಹಾಕಿದೆ.”

“ಅಷ್ಟೇನಾ?”

“ಅಷ್ಟೆ.”

ಸರ್ವಮಂಗಳಾ ಲೋಟ ಕೆಳಗಿಟ್ಟರು. “ಶರೋನ್. ಪ್ರಯೋಗದಲ್ಲಿ ನಾಚಿಕೆಗೆ ಒಂದು ರೀಡಿಂಗ್ ಮುಚ್ಚಿಟ್ಟರೆ ಏನಾಗುತ್ತೆ?”

ಹೊಸ ಪಾಸ್‌ವರ್ಡ್ ಎರಡೇ ದಿನಕ್ಕೆ ಕಳ್ಳರಿಗೆ ಹೇಗೆ ತಿಳಿಯಿತು ಎಂಬುದಕ್ಕೆ ಉತ್ತರ ಅವಳಿಗೆ ಬೆಳಗ್ಗೆಯೇ ಹೊಳೆದಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

“ಬುಧವಾರ ಮಧ್ಯಾಹ್ನ ಇನ್ನೊಂದು ಪತ್ರ ಬಂತು ಆಂಟಿ. ‘ನಿಮಗೆ ಬಂದ ಎಚ್ಚರಿಕೆ ಕುರಿತು — ಇನ್ನೂ ಒಂದು ಹಂತ ಬಾಕಿ’ ಅಂತ. ಅದರ ಕೊಂಡಿ ಒತ್ತಿ ಪಾಸ್‌ವರ್ಡ್ ಹಾಕಿದೆ. ಫೋನಿಗೆ ಬರೋ ಸಂಖ್ಯೆ ಕೇಳಿತು. ಅಷ್ಟರಲ್ಲಿ ಪೀರಿಯಡ್ ಬೆಲ್ ಆಯ್ತು, ಮುಚ್ಚಿಬಿಟ್ಟೆ. ಆಮೇಲೆ ಮರೆತೇಹೋಯ್ತು.”

“ಮೊದಲನೇದು ನಿಜವಾಗಿದ್ದಕ್ಕೇ ಎರಡನೇದನ್ನ ನಂಬಿದೆ.”

“ಹೌದು.”

“ನಿನ್ನಂಥೋಳೇ ನಂಬ್ತಾಳೆ ಅಂತ ಗೊತ್ತಿದ್ದವರು ಕಳಿಸಿದ್ದು. ಅಳಬೇಡ, ಇದು ಉಪಯೋಗಕ್ಕೆ ಬರುವ ವಿಷಯ. ನಿನಗೆ ಎಚ್ಚರಿಕೆ ಬಂದಿದೆ ಅಂತ ಯಾರಿಗೆಲ್ಲ ಹೇಳಿದ್ದೆ?”

“ಜಪಸರಕ್ಕೆ ಬಂದವರಿಗೆ ಮಾತ್ರ.”

ಅಡುಗೆಮನೆಯ ಬಾಗಿಲಲ್ಲಿ ಆರೋಗ್ಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. “ನಮ್ಮೋರಾ? ಏನ್ ಮಾತಾಡ್ತೀರ ಸರ್ವಮಂಗಳಮ್ಮ! ಪ್ರಾರ್ಥನೆಗೆ ಬರೋರು ಕಣ್ರೀ!”

“ನಾನಿನ್ನೂ ಯಾರ ಹೆಸರೂ ಹೇಳಿಲ್ಲ. ಯಾರ್ಯಾರು ಬಂದಿದ್ರು?”

ಆರೋಗ್ಯಮ್ಮ ಬೆರಳು ಮಡಿಸಿದರು. ಡೊಮಿನಿಕ್ — ನಿವೃತ್ತ ಮೇಷ್ಟ್ರು, ಪ್ರಾರ್ಥನೆ ನಡೆಸುವವರು. ಸ್ಟ್ಯಾನ್ಲಿ. ಜಾನ್ಸನ್ — ಹೆಬ್ಬಾಳದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಏಂಜೆಲ್ — ಶರೋನ್ ಜೊತೆ ಶಾಲೆಯಲ್ಲಿ ಓದಿದವಳು, ಕಾರ್ಖಾನೆಗಳಿಗೆ ಪರವಾನಗಿ ಕಾಗದ ಮಾಡಿಸಿಕೊಡುವ ಕಚೇರಿಯಲ್ಲಿ ಟೈಪಿಂಗ್ ಕೆಲಸ.

“ಸರಿ. ಪಾಸ್‌ವರ್ಡ್ ಸಿಕ್ಕಿದ್ದು ಹೇಗೆ ಅಂತ ಆಯ್ತು. ಎರಡನೇ ಬೀಗ ಹೇಗೆ ತೆಗೆದರು? ಫೋನ್ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ. ಶುಕ್ರವಾರ ಸಂಜೆ ಫೋನಿಗೆ ಸಂಖ್ಯೆ ಬಂದೇ ಇಲ್ಲ.”

“ಹಾಗಾದ್ರೆ ಆ ಹತ್ತು ಸಂಖ್ಯೆಗಳ ಪಟ್ಟಿ ತೋರಿಸು.”

ಶರೋನ್ ಪುಟ ತೆರೆದಳು. ಒಂದರ ಕೆಳಗೊಂದು ಹತ್ತು ಸಂಖ್ಯೆ. ಒಂಬತ್ತು ಹಾಗೇ ಇದ್ದವು. ಒಂದರ ಮೇಲೆ ಗೀಟು — ‘ಬಳಸಲಾಗಿದೆ’.

ಏಳನೆಯದು.

“ಸ್ಟ್ಯಾನ್ಲಿ,” ಶರೋನ್ ಪಿಸುಗುಟ್ಟಿದಳು. “ಈ ಹಾಳೆ ಪ್ರಿಂಟ್ ಮಾಡಿ ಇಟ್ಟಿರ್ತೀನಿ ಅಂತ ಗೊತ್ತಿದ್ದೋನು ಅವನೊಬ್ಬನೇ.”

“ಬೀಗ ಹಾಕು ಅಂತ ಹೇಳಿ, ಆಮೇಲೆ ಅದೇ ಬೀಗ ಒಡೆಯೋಕೆ ಒದ್ದಾಡಿದನಾ? ಹೇಳದೆ ಇದ್ದಿದ್ರೆ ಸುಲಭವಾಗ್ತಿತ್ತಲ್ಲ. ಹಾಳೆ ಎಲ್ಲಿ?”

ಹಾಳೆ ಬೀರುವಿನಲ್ಲಿ, ಅಪ್ಪನ ಹಳೆಯ ಪೆಟ್ಟಿಗೆಯ ತಳದಲ್ಲಿತ್ತು. ಬೀಗದಕೈ ಶರೋನ್ ಕೊರಳ ಸರದಲ್ಲಿ. ಸರ್ವಮಂಗಳಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಡಿಕೆ ಒಂದೇ. ಬೇರೆ ಬೆರಳ ಗುರುತಿಲ್ಲ, ಸುಕ್ಕಿಲ್ಲ.

“ಇದನ್ನ ಯಾರೂ ನೋಡಿಲ್ಲ. ಆದರೆ ಒಂದು ವಿಚಿತ್ರ. ಇಂಥ ಹಾಳೆ ಪೂರ್ತಿ ಕೈಗೆ ಸಿಕ್ಕಿದ್ರೆ ನೀನು ಯಾವ ಸಂಖ್ಯೆ ಮೊದಲು ಹಾಕ್ತೀಯ?”

“ಮೊದಲನೇದು.”

“ಯಾರಾದ್ರೂ ಮೊದಲನೇದನ್ನೇ ಹಾಕ್ತಾರೆ. ಕಳ್ಳರು ಏಳನೇದು ಹಾಕಿದಾರೆ. ಅಂದರೆ ಮೇಲಿನ ಆರು ಅವರ ಕಣ್ಣಿಗೆ ಬಿದ್ದೇ ಇಲ್ಲ.”

ಅವರು ಎದ್ದು ಕೋಣೆಯಲ್ಲಿ ಅಡ್ಡಾಡಿದರು. ಯಾವ ಕಾಗದ ಕಂಡರೂ ಹಿಂದುಮುಂದು ತಿರುಗಿಸಿ ನೋಡುವುದು ಅವರ ಹಳೆಯ ಚಾಳಿ. ಮೇಜಿನ ಮೇಲಿನ ಕರೆಂಟ್ ಬಿಲ್ ತಿರುಗಿಸಿದರು. ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದರು. ಫ್ರಿಜ್ ಬಾಗಿಲಲ್ಲಿ ಆಯಸ್ಕಾಂತದ ಬಿಲ್ಲೆಯಡಿ ಒಂದು ಉದ್ದ ಚೀಟಿಯಿತ್ತು — ಆರೋಗ್ಯಮ್ಮನ ದುಂಡು ಅಕ್ಷರ. ಯಾವ ತಾರೀಖು ಯಾರ ಮನೆಯಲ್ಲಿ ಜಪಸರ ಎಂಬ ಪಟ್ಟಿ. ಅದನ್ನು ಬಿಡಿಸಿ ತಿರುಗಿಸಿದರು.

ಹಿಂಬದಿಯಲ್ಲಿ ಮಂಕಾದ ಮುದ್ರಣದಲ್ಲಿ ಎರಡು ಸಂಖ್ಯೆಗಳು. ಎಂಟೆಂಟು ಅಂಕಿ.

“ಶರೋನ್. ನೀನು ಈ ಹಾಳೆ ಎಷ್ಟು ಸಲ ಪ್ರಿಂಟ್ ಮಾಡಿದೆ?”

ಅವಳಿಗೆ ನೆನಪಾಗಲು ಎರಡು ಕ್ಷಣ ಹಿಡಿಯಿತು. “ಎರಡು ಸಲ. ಮೊದಲನೇದು ಮಸುಕಾಗಿ ಬಂತು… ಅದನ್ನ…” ಅವಳ ಕಣ್ಣು ಪ್ರಿಂಟರ್ ಪಕ್ಕದ ರಟ್ಟಿನ ಡಬ್ಬಕ್ಕೆ ಹೋಯಿತು. ಒಂದು ಮಗ್ಗುಲು ಖಾಲಿಯಿರುವ ಹಾಳೆಗಳ ಡಬ್ಬ. ಕಾಲೇಜಿನ ಹಳೆಯ ಪ್ರಶ್ನೆಪತ್ರಿಕೆ, ಕೆಟ್ಟ ಪ್ರತಿ, ಎಲ್ಲವೂ ಅದಕ್ಕೆ. ಈ ಮನೆಯಲ್ಲಿ ಕಾಗದವನ್ನು ಎಸೆದವರಿಲ್ಲ.

“ಅಮ್ಮ, ಚೀಟಿ ಬರೆಯೋಕೆ ಹಾಳೆ ಎಲ್ಲಿಂದ ತಗೊಂಡೆ?”

“ಒನ್‌ಸೈಡ್ ಡಬ್ಬದಿಂದ ಕಣೆ. ಮೇಲೇ ಇತ್ತು. ಐದು ಮನೆಗೆ ಐದು ಚೀಟಿ ಅಂತ ಅಳತೆಪಟ್ಟಿ ಇಟ್ಟು ಹರಿದೆ. ಚೆನ್ನಾಗಿರೋ ಹಾಳೆ ಹಾಳು ಮಾಡ್ಬಾರ್ದು ಅಂತ ನೀನೇ ಅಲ್ವಾ ಹೇಳೋದು?” ಮಗಳ ಮುಖ ನೋಡಿ ಅವರ ದನಿ ಇಳಿಯಿತು. “ಯಾಕೆ? ಏನಿತ್ತು ಅದ್ರಲ್ಲಿ?”

ಪರದೆಯ ಪಟ್ಟಿಯ ಜೊತೆ ಸರ್ವಮಂಗಳಾ ಚೀಟಿಯನ್ನು ಹೋಲಿಸಿದರು. ಒಂಬತ್ತನೆಯದು, ಹತ್ತನೆಯದು. ಹಾಳೆಯ ಕೊನೆಯ ಪಟ್ಟಿ.

“ಐದು ಚೀಟಿ, ಚೀಟಿಗೆ ಎರಡು ಸಂಖ್ಯೆ. ಏಳನೇದು ಯಾವ ಚೀಟಿಯ ಹಿಂದೆ ಇತ್ತೋ ಆ ಮನೆಯವರು. ಆರೋಗ್ಯಮ್ಮ, ಯಾವ ಚೀಟಿ ಯಾರಿಗೆ ಕೊಟ್ರಿ?”

“ಗುರುವಾರ ಡೊಮಿನಿಕ್ ಅವರ ಮನೇಲಿ ಕೈಗೆ ಬಂದಂಗೆ ಹಂಚಿದೆ. ಎಂಗೆ ನೆನಪಿರುತ್ತೆ?” ಅವರು ಕುರ್ಚಿಯ ಮೇಲೆ ಕುಸಿದರು. “ನನ್ನ ಕೈಯಾರೆ ಆ ಮಗೀನ ಹೆಸರು…”

“ಅಳೋಕೆ ಆಮೇಲೆ ಟೈಮ್ ಇದೆ. ಈಗ ಎಲ್ಲರಿಗೂ ಫೋನ್ ಮಾಡಿ. ತಾರೀಖು ತಪ್ಪು ಬರೆದಿದ್ದೀನಿ, ಚೀಟಿ ತಂದು ಕೊಡಿ, ಬೇರೆ ಬರೆದುಕೊಡ್ತೀನಿ ಅನ್ನಿ. ಇನ್ನೊಂದು ಮಾತೂ ಬೇಡ. ಬಂದವರನ್ನ ಕಾಫಿಗೆ ಕೂರಿಸಿ.”

ಮೊದಲು ಬಂದವರು ಡೊಮಿನಿಕ್, ಹತ್ತು ಗಂಟೆಗೆ. ಚೀಟಿ ಅವರ ಪ್ರಾರ್ಥನೆ ಪುಸ್ತಕದ ನಡುವೆ ಮಡಿಕೆಯಿಲ್ಲದೆ ಇತ್ತು. ಹಿಂಬದಿಯಲ್ಲಿ ಒಂದು, ಎರಡು.

ಸ್ಟ್ಯಾನ್ಲಿ ಸ್ಕೂಟರಿನಲ್ಲಿ ಬಂದ. ಅವನ ಚೀಟಿಯ ಮೇಲೆ ಟೀ ಲೋಟದ ಉಂಗುರ. ಮೂರು, ನಾಲ್ಕು. “ಏನಾಂಟಿ, ಮರಿಯಮ್ಮನವರ ಟೈಮ್‌ಟೇಬಲ್ಲೇ ಚೇಂಜಾ?” ಎಂದು ನಗುತ್ತ ಕೂತ. ಶರೋನ್ ಅವನ ಮುಖ ನೋಡಲಾರದೆ ಬಿಸ್ಕತ್ತಿನ ತಟ್ಟೆ ಮುಂದಿಟ್ಟಳು.

ಜಾನ್ಸನ್ ಬರಿಗೈಯಲ್ಲಿ ಬಂದ.

“ಚೀಟಿ ಎಲ್ಲಪ್ಪ?” ಸರ್ವಮಂಗಳಾ ಕೇಳಿದರು.

“ಬಿಸಾಕಿಬಿಟ್ಟೆ ಮೇಡಂ. ಗುರುವಾರಾನೇ ಫೋಟೋ ತೆಗೆದು ಗುಂಪಿನ ವಾಟ್ಸಾಪ್‌ಗೆ ಹಾಕಿದ್ನಲ್ಲ. ಇನ್ಯಾಕೆ ಅಂತ.”

“ಚೀಟಿಯ ಹಿಂಬದಿ ನೋಡಿದ್ಯಾ?”

“ಹಿಂಬದೀನಾ? ಅಲ್ಲೇನಿತ್ತು?”

ಶರೋನ್ ಗೋಡೆ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಜಾನ್ಸನ್ ಹೆಬ್ಬಾಳದಲ್ಲಿ ದುಡಿಯುವವನು. ಎಲ್ಲ ಕಾರ್ಖಾನೆಯವರ ಪರಿಚಯ ಇರುವವನು. ಇರಬೇಕಾದ ಚೀಟಿ ಇಲ್ಲ.

ಹನ್ನೊಂದೂವರೆಗೆ ಏಂಜೆಲ್ ಬಂದಳು. “ಲೇಟಾಯ್ತು ಕಣೇ, ಆಫೀಸಲ್ಲಿ ಅರ್ಧ ದಿನ ಕೆಲಸ ಇತ್ತು. ತಗೊಳ್ಳಿ ಆಂಟಿ, ಭದ್ರವಾಗಿ ಇಟ್ಟಿದ್ದೆ.” ಚೀಟಿ ಅಚ್ಚುಕಟ್ಟಾಗಿತ್ತು. ತಾರೀಖು, ಮನೆಗಳ ಹೆಸರು, ಎಲ್ಲ ಸರಿ.

ಸರ್ವಮಂಗಳಾ ತಿರುಗಿಸಿದರು. ಹಿಂಬದಿ ಖಾಲಿ.

ಆರೋಗ್ಯಮ್ಮ ನಿಟ್ಟುಸಿರು ಬಿಟ್ಟರು. “ಒಂದು ಬೇರೆ ಹಾಳೇಲಿ ಬರೆದಿದ್ನೋ ಏನೋ.” ಅವರ ನೋಟ ಜಾನ್ಸನ್ ಕಡೆ ತಿರುಗಿತು. ಶರೋನ್ ನೋಟವೂ.

“ಏನಕ್ಕ? ಯಾಕೆ ಹಂಗೆ ನೋಡ್ತಿದೀರ ನನ್ನ?” ಜಾನ್ಸನ್ ಎದ್ದು ನಿಂತ.

“ಶುಕ್ರವಾರ ಸಂಜೆ ಆರು ಗಂಟೆಗೆ ಎಲ್ಲಿದ್ದೆ?” ಶರೋನ್ ದನಿ ಅವಳಿಗೇ ಅಪರಿಚಿತವಾಗಿತ್ತು.

“ಮನೇಲೇ! ಏಳಕ್ಕೆ ನಮ್ಮನೇಲಿ ಜಪಸರ ಅಲ್ವಾ? ಸ್ವರೂಪಕ್ಕೆ ಹೂವಿನ ಅಲಂಕಾರ ಮಾಡ್ತಿದ್ದೆ. ಏನಾಯ್ತು ಅಂತ ಹೇಳಿ!”

“ಕೂತ್ಕೋ ಜಾನ್ಸನ್,” ಎಂದರು ಸರ್ವಮಂಗಳಾ. “ನಿನ್ನ ವಾಟ್ಸಾಪ್ ಫೋಟೋ ತೋರಿಸು.”

ಅವರು ಚೀಲದಿಂದ ಭೂತಗನ್ನಡಿ ತೆಗೆದರು. ಫೋನಿನ ಚಿತ್ರವನ್ನು ದೊಡ್ಡದು ಮಾಡಿಸಿಕೊಂಡರು. ಅದರ ಪಕ್ಕ ಸ್ಟ್ಯಾನ್ಲಿಯ ಚೀಟಿ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಏಂಜೆಲ್ ತಂದ ಚೀಟಿಯನ್ನು ನೋಡಿದರು — ಒಂದೇ ಸಲ, ಬೇಗ.

“ಆರೋಗ್ಯಮ್ಮ, ನೀವು ಹರಿದ ಹಾಳೆ ಒಂದೇ ತಾನೆ?”

“ಒಂದೇ. ಐದು ಚೀಟಿ ಆಯ್ತು, ಮುಗೀತು. ಮಿಕ್ಕಿದ್ದು ಏನೂ ಇಲ್ಲ.”

“ಹಾಗಾದ್ರೆ ಬೇರೆ ಹಾಳೇಲಿ ಬರೆದ ಚೀಟಿ ಹೇಗೆ ಬಂತು? ಐದು ಮನೆ, ಐದು ತುಂಡು. ಏಂಜೆಲ್‌ಗೆ ಬೇರೆ ಹಾಳೆಯದು ಕೊಟ್ಟಿದ್ರೆ ಈ ಹಾಳೆಯ ಒಂದು ತುಂಡು ಮನೇಲೇ ಉಳೀಬೇಕಿತ್ತು. ಉಳಿದಿಲ್ಲ.”

ಏಂಜೆಲ್ ನಕ್ಕಳು. “ಏನೋ ಸಿಐಡಿ ಥರ ಮಾತಾಡ್ತಿದೀರ ಆಂಟಿ. ಒಂದು ಚೀಟಿಗೆ ಇಷ್ಟೊಂದಾ?”

“ಒಂದು ಚೀಟಿಗೇ ಕಣಮ್ಮ.” ಅವರು ಸ್ಟ್ಯಾನ್ಲಿಯ ಚೀಟಿ ಎತ್ತಿ ತೋರಿಸಿದರು. “ಇದರ ಕೆಳ ಅಂಚು ನೋಡಿ. ಅಳತೆಪಟ್ಟಿ ಜಾರಿ ಇಲ್ಲಿ ಉಗುರಿನಷ್ಟು ಕಚ್ಚು ಬಿದ್ದಿದೆ. ಇಲ್ಲಿ ಹೋದ ಕಾಗದ ಅದರ ಕೆಳಗಿನ ಚೀಟಿಗೆ ಅಂಟಿಕೊಂಡು ಹೋಗಿರಬೇಕು. ಜಾನ್ಸನ್ ಫೋಟೋದಲ್ಲಿ ಮೇಲಂಚು ನೋಡಿ. ಅದೇ ಜಾಗದಲ್ಲಿ ಅಷ್ಟೇ ಮೂತಿ ಹೊರಗೆ ಬಂದಿದೆ. ಅಂದರೆ ಸ್ಟ್ಯಾನ್ಲಿ ಚೀಟಿಯ ಕೆಳಗಿದ್ದದ್ದು ಜಾನ್ಸನ್ ಚೀಟಿ. ಅದರ ಹಿಂದೆ ಇದ್ದದ್ದು ಐದು ಮತ್ತು ಆರು.”

ಶರೋನ್ ಎಣಿಸಿದಳು. ಡೊಮಿನಿಕ್ ಒಂದು, ಎರಡು. ಸ್ಟ್ಯಾನ್ಲಿ ಮೂರು, ನಾಲ್ಕು. ಜಾನ್ಸನ್ ಐದು, ಆರು. ಫ್ರಿಜ್ ಮೇಲೆ ಒಂಬತ್ತು, ಹತ್ತು.

ಉಳಿದದ್ದು ಒಂದೇ ಚೀಟಿ. ಲೆಕ್ಕಕ್ಕೆ ಸಿಗದ ಮನೆಯೂ ಒಂದೇ.

“ಈ ಚೀಟಿ ಆರೋಗ್ಯಮ್ಮ ಬರೆದದ್ದಲ್ಲ,” ಸರ್ವಮಂಗಳಾ ಮುಂದುವರಿಸಿದರು. “ಅವರು ಓಟದಲ್ಲಿ ಬರೀತಾರೆ. ಇದನ್ನ ಒಂದೊಂದೇ ಅಕ್ಷರ ನಿಲ್ಲಿಸಿ ಚಿತ್ರ ಬರೆದ ಹಾಗೆ ಬರೆದಿದ್ದಾರೆ, ಜಾನ್ಸನ್ ಫೋಟೋ ನೋಡಿಕೊಂಡು. ಯಾಕೆ? ಜಾನ್ಸನ್ ಬಿಸಾಕಿದೆ ಅಂದ, ಮುಗೀತು. ಕಳೆದುಹೋದ ಚೀಟಿಗೆ ಯಾರೂ ಹೆದರಲ್ಲ. ಅದರ ಹಿಂದೆ ಏನಿತ್ತು ಅಂತ ಗೊತ್ತಿದ್ದವರಿಗೆ ಮಾತ್ರ, ಕಳೆದುಹೋಯ್ತು ಅನ್ನೋಕೆ ಧೈರ್ಯ ಬರಲ್ಲ.”

ಏಂಜೆಲ್‌ಳ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣಲ್ಲಿ ಇರಲಿಲ್ಲ.

“ಇನ್ನೊಂದು ಇದೆ. ಮೇಲಿನ ಚೀಟಿಯಲ್ಲಿ ತಲೆಬರಹ ಇತ್ತು, ಇಮೇಲ್ ವಿಳಾಸ ಇತ್ತು. ಡೊಮಿನಿಕ್ ಅವರಿಗೆ ಅದು ಕಾಣಲೇ ಇಲ್ಲ. ಮಧ್ಯದ ಚೀಟಿಯಲ್ಲಿ ಬರೀ ಅಂಕಿ. ಸ್ಟ್ಯಾನ್ಲಿ ಕಂಪ್ಯೂಟರಿನವನು, ಅವನೂ ಅದರ ಮೇಲೆ ಟೀ ಇಟ್ಟ. ಎಂಟಂಕಿಯ ಸಂಖ್ಯೆ ನೋಡಿದ ಕೂಡಲೆ ಇದು ಯಾವ ಬಾಗಿಲ ಬೀಗದಕೈ ಅಂತ ತಿಳಿಯೋದು ಯಾರಿಗೆ? ಆ ಬಾಗಿಲ ಮುಂದೆ ನಿಂತು, ಒಳಗೆ ಹೋಗೋಕಾಗದೆ ಇದ್ದವರಿಗೆ.”

“ಏಂಜೆಲ್,” ಶರೋನ್ ಅಂದಳು.

ಏಂಜೆಲ್ ಕುರ್ಚಿಯ ತುದಿ ಹಿಡಿದುಕೊಂಡಳು. “ನಾನು ಹುಡುಕಿಕೊಂಡು ಹೋಗ್ಲಿಲ್ಲ ಕಣೇ. ಆಂಟೀನೇ ಕೈಗೆ ಕೊಟ್ರು.”

ಆರೋಗ್ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ನಿನಗೆ ಎಚ್ಚರಿಕೆ ಬಂದಿದ್ದನ್ನ ಬುಧವಾರ ಆಫೀಸಲ್ಲಿ ಸುಮ್ನೆ ಮಾತಿಗೆ ಹೇಳ್ದೆ. ಮಧ್ಯಾಹ್ನ ನಮ್ಮ ಸಾರ್ ಕರೆದು ಕಂಪ್ಯೂಟರ್ ತೋರಿಸಿದ್ರು. ನಿನ್ನ ಖಾತೆ ಅರ್ಧ ತೆರೆದು ನಿಂತಿತ್ತು. ‘ಎಂಟಂಕಿಯ ಸಂಖ್ಯೆ ಕೇಳ್ತಿದೆ, ಅವರ ಮನೇಲಿ ಪ್ರಿಂಟ್ ಮಾಡಿ ಇಟ್ಟಿರ್ತಾರೆ, ತಂದುಕೊಡು’ ಅಂದ್ರು. ಆಗಲ್ಲ ಅಂದೆ. ದೇವರಾಣೆ ಅಂದೆ. ಆ ಕಾರ್ಖಾನೆ ಮುಚ್ಚಿದ್ರೆ ನಮ್ಮ ಆಫೀಸೂ ಮುಚ್ಚುತ್ತೆ, ಹನ್ನೊಂದು ಜನ ಬೀದಿಗೆ ಬರ್ತೀರ ಅಂದ್ರು. ಆಮೇಲೆ ಗುರುವಾರ ಮನೆಗೆ ಹೋಗಿ ಚೀಟಿ ತಿರುಗಿಸಿದ್ರೆ…” ಅವಳು ಶರೋನ್ ಕಡೆ ತಿರುಗಿದಳು. “ಒಂದು ನಂಬರ್ ಕೊಟ್ಟೆ ಕಣೇ. ಒಂದೇ ಒಂದು ನಂಬರ್. ನಿನಗೇನೂ ಮಾಡಲ್ಲ ಅಂತ ಮಾತು ಕೊಟ್ಟಿದ್ರು.”

“ನನಗಲ್ಲ. ಶಿವರಾಮುಗೆ. ಅವನ ಹೆಸರು ಕಾರ್ಖಾನೆಗೆ ಹೋಯ್ತಾ?”

ಏಂಜೆಲ್ ತಲೆ ತಗ್ಗಿಸಿದಳು.

“ಏಂಜೆಲ್! ಹೋಯ್ತಾ ಇಲ್ವಾ?”

“ಬೆಳಗ್ಗೆ ಒಂಬತ್ತಕ್ಕೆ ಸಾರ್ ಆ ಪತ್ರಗಳನ್ನ ಪ್ರಿಂಟ್ ತಗೊಂಡು ಹೊರಟ್ರು. ಪ್ರಿಂಟ್ ಹಾಕಿಕೊಟ್ಟಿದ್ದು ನಾನೇ.”

ಆಗ ಗಂಟೆ ಹನ್ನೆರಡಾಗಿತ್ತು. ಶರೋನ್ ಫೋನ್ ಎತ್ತಿ ಸುಚಿತ್ರಾಳನ್ನು ಕರೆದಳು. ಹೆಸರು ಬಚ್ಚಿಡುವ ಕಾಲ ಮುಗಿದಿತ್ತು. ಇನ್ನು ಹೆದರಿಸಿ ಬಾಯಿ ಮುಚ್ಚಿಸುವ ಮೊದಲೇ ಅವನ ಮಾತು ಕಾಗದಕ್ಕೆ ಬಂದು ಅಧಿಕಾರಿಗಳ ಕೈಗೆ ತಲುಪಬೇಕಿತ್ತು. “ಹೇಳಿಕೆ ಟೈಪ್ ಆಗಿದೆಯಲ್ಲ, ತಗೊಂಡು ನೇರ ಗೇಟಿಗೆ ಬನ್ನಿ,” ಎಂದಳು.

ಸರ್ವಮಂಗಳಾ ಕೈಗೆ ಸಿಕ್ಕ ನಾಲ್ಕು ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಪೊಲೀಸರಿಗೆ ಕೊಡಲು ಎತ್ತಿಟ್ಟರು. ಜಾನ್ಸನ್ ಗಾಡಿ ಬೀಗದಕೈ ಹಿಡಿದು ನಿಂತಿದ್ದ. “ನಾನು ಬಿಡ್ತೀನಿ ಅಕ್ಕ. ರಿಂಗ್ ರೋಡಲ್ಲಿ ಹೋದ್ರೆ ಬೇಗ.”

“ನಿನ್ನ ಮೇಲೆ ಅನುಮಾನ ಪಟ್ಟೆ ಜಾನ್ಸನ್.”

“ಅದನ್ನ ಆಮೇಲೆ ಬೈತೀನಿ. ಈಗ ಹತ್ತಿ.”

ಏಂಜೆಲ್ ಹಿಂದೆ ಬಂದು ಗೇಟಿನ ಬಳಿ ನಿಂತಳು. ಶರೋನ್ ಅವಳ ಕಡೆ ನೋಡದೆ ಕಾರಿನ ಬಾಗಿಲು ಎಳೆದುಕೊಂಡಳು. ಹಾಗೆ ನೋಡದೆ ಹೊರಟದ್ದು ಶಾಲೆಯ ದಿನಗಳಿಂದ ಈವರೆಗೆ ಅದೇ ಮೊದಲು.

ಎರಡು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಗೇಟು ತೆರೆಯಿತು. ಮೊದಲ ಗುಂಪು ಬಂತು, ಫೋನುಗಳನ್ನು ತೆಗೆದುಕೊಂಡು ಬಸ್ಸಿನ ಕಡೆ ಓಡಿತು. ಎರಡನೆಯ ಗುಂಪು. ಮೂರನೆಯದು. ಬಸ್ಸು ತುಂಬಿತು, ಹೊರಟಿತು. ಶಿವರಾಮು ಇರಲಿಲ್ಲ.

ಎರಡೂ ಹತ್ತು. ಸೆಕ್ಯುರಿಟಿಯವನು ಗೇಟು ಅರ್ಧ ಎಳೆದ. ಸುಚಿತ್ರಾ ಕಾರಿನಿಂದಿಳಿದು ನೇರ ಅವನ ಹತ್ತಿರ ನಡೆದಳು. “ಒಳಗೆ ಶಿವರಾಮು ಇದ್ದಾರೆ. ಯಾಕೆ ನಿಲ್ಲಿಸಿಕೊಂಡಿದ್ದೀರಿ ಅಂತ ಕೇಳಿ ಬನ್ನಿ. ನಾನು ಅವರ ವಕೀಲೆ.”

ಅವನು ಒಳಗೆ ಫೋನ್ ಮಾಡಿದ. ಮತ್ತೆ ಐದು ನಿಮಿಷ.

ಆಮೇಲೆ ಆಡಳಿತ ಕಟ್ಟಡದ ಕಡೆಯಿಂದ ಒಬ್ಬನೇ ನಡೆದು ಬಂದ. ಅವಸರವಿಲ್ಲದ ನಡಿಗೆ. ಮೊಣಕೈವರೆಗೆ ನೀಲಿ ಬಣ್ಣ.

“ಏನ್ ಮೇಡಂ, ಇಷ್ಟು ಜನ?” ಎಂದ ಶಿವರಾಮು. ಮುಖ ಬಿಳಿಚಿತ್ತು, ದನಿ ನೆಟ್ಟಗಿತ್ತು.

“ಶಿವರಾಮು, ನನ್ನ ತಪ್ಪಿನಿಂದ ನಿಮ್ಮ ಹೆಸರು —”

“ಗೊತ್ತು ಬುಡಿ. ಹನ್ನೊಂದಕ್ಕೇ ಕರೆಸಿದ್ರು. ನಮ್ಮ ಕಾಗದ ಎಲ್ಲಾ ಮೇಜಿನ ಮೇಲೆ ಹರಡಿದ್ರು. ಇದು ನೀನೇನಾ ಅಂದ್ರು. ಊಂ, ನಾನೇ ಅಂದೆ. ಇನ್ನೇನ್ ಏಳ್ಲಿ? ಆಮೇಲೆ ಒಂದು ಹಾಳೆ ಮುಂದಕ್ಕೆ ತಳ್ಳಿದ್ರು. ಎಲ್ಲಾ ಸುಳ್ಳು ಅಂತ ಬರೆದಿತ್ತು. ಸೈನ್ ಹಾಕು, ಮನೆಗೆ ಹೋಗು ಅಂದ್ರು. ಮೂರು ಗಂಟೆ ಕೂರಿಸಿದ್ರು.”

“ಹಾಕಿದ್ರಾ?” ಸುಚಿತ್ರಾ ಕೇಳಿದಳು.

“ಕೈಯೆಲ್ಲಾ ಬಣ್ಣ ಐತೆ ಸಾರ್, ನಿಮ್ಮ ಕಾಗದ ಕೆಡ್ತದೆ ಅಂದೆ.” ಅವನ ತುಟಿಯಂಚಿನಲ್ಲಿ ಸಣ್ಣ ನಗು ಬಂದು ಹೋಯಿತು. “ಇನ್ನು ಒಳಕ್ಕೆ ಬುಡಲ್ಲ. ಪಾಸ್ ಕಿತ್ಕೊಂಡ್ರು.”

ಸುಚಿತ್ರಾ ಕಡತದಿಂದ ಮೂರು ಪುಟದ ಹೇಳಿಕೆ ತೆಗೆದು ಕಾರಿನ ಬಾನೆಟ್ ಮೇಲೆ ಹರಡಿದಳು. “ಇದನ್ನ ಇವತ್ತೇ ಅಧಿಕಾರಿಗಳಿಗೆ ತಲುಪಿಸ್ತೀನಿ. ಓದಿ ನೋಡಿ. ಬೇಡ ಅನ್ನಿಸಿದ್ರೆ ಈಗಲೂ ಬೇಡ ಅನ್ನಬಹುದು.”

ಶಿವರಾಮು ನಿಂತಲ್ಲೇ ಮೂರೂ ಪುಟ ಓದಿದ. ಎರಡನೇ ಪುಟದಲ್ಲಿ ಒಂದು ತಾರೀಖು ತಪ್ಪಿತ್ತು, ಬೆರಳಿಟ್ಟು ತೋರಿಸಿ ತಿದ್ದಿಸಿದ. ಜಾನ್ಸನ್ ತನ್ನ ಕರ್ಚೀಫು ಚಾಚಿದ. “ತಗೊಳ್ಳಿ, ಕೈ ಒರೆಸ್ಕೊಳ್ಳಿ.”

“ಒರೆಸಿದ್ರೆ ಹೋಗಲ್ಲ ಇದು,” ಎಂದು ಶಿವರಾಮು ಪೆನ್ನು ಇಸಿದುಕೊಂಡ. ಮೂರು ಪುಟಕ್ಕೂ ಸಹಿ ಹಾಕಿದ.